ಸೊನ್ನೆ ನಂಬರಿನ ಮನೆ

ಆ ಸೋಮವಾರ ನನ್ನ ಹೆಂಡತಿ ಶಾಹೀನ್ ಎಂದಿನಂತೆ ಆರಕ್ಕೇ ಎದ್ದಿದ್ದಳು. ಹಿಂದಿನ ದಿನದ ಕಡಕ್ ರೊಟ್ಟಿ ಮುರಿದು, ಮೊಸರು ಶೇಂಗಾ ಚಟ್ನಿ ಕಲಸಿಕೊಂಡು ಇಬ್ಬರೂ ತಿಂದೆವು. ತರಬೇತಿ ಕೇಂದ್ರದಲ್ಲಿ ಅವಳು ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಪರೀಕ್ಷೆಯ ಹಾಳೆಗಳನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ತಿದ್ದುತ್ತಿದ್ದಾಗ ಒಂದು ಹಾಳೆಗೆ ಚಟ್ನಿಯ ಎಣ್ಣೆ ತಾಗಿತು. ಹಿಟ್ಟು ಉದುರಿಸಿ ಒರೆಸಿದಳು. ಹೋಗಲಿಲ್ಲ. ಆ ಹುಡುಗಿಗೆ ಒಂದು ಅಂಕ ಹೆಚ್ಚು ಹಾಕಿ, ತಪ್ಪು ನನ್ನದು, ದಂಡ ನಾನೇ ಕಟ್ಟಬೇಕು ಎಂದಳು. ನಾನು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಮಗ್ಗದ ಹಲಗೆ ಬದಲಿಸಲು ಹೋದೆ. ಸಂಜೆ ಮಂಡಕ್ಕಿ ಒಗ್ಗರಣೆಗೆ ಉಳ್ಳಾಗಡ್ಡಿ ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂಬ ಬಗ್ಗೆ ಸ್ವಲ್ಪ ವಾದ ನಡೆಯಿತು. ಒಂಬತ್ತೂವರೆಗೆ ಮಲಗಿದೆವು.

ಮರುದಿನ ಬೆಳಿಗ್ಗೆ ಅವಳು ತಲೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತಳು. ತಲೆಯೊಳಗಿನ ನರ ಒಡೆದಿದೆ ಎಂದು ಬಾಗಲಕೋಟೆಯ ದವಾಖಾನೆಯಲ್ಲಿ ಹೇಳಿದರು. ಐದು ದಿನ ಇದ್ದಳು. ಆರನೆಯ ದಿನ ಅವಳನ್ನು ಮಣ್ಣು ಮಾಡಲು ಇಳಕಲ್ಲಿಗೆ ತಂದೆವು.

ಇದನ್ನು ಇನ್ನೂ ಉದ್ದ ಬರೆಯಲು ನನಗೆ ಬರುವುದಿಲ್ಲ. ನಾನು ಓದಿದ್ದು ಪಿಯುಸಿ ತನಕ, ಮಾಡುವುದು ಮಗ್ಗದ ಬಡಿಗತನ. ನಾಲ್ಕು ತಿಂಗಳು ಯಾರ ಮನೆಗೂ ಹೋಗಲಿಲ್ಲ. ಐದನೆಯ ತಿಂಗಳು ಗಂಗವ್ವ ಹೇಳಿ ಕಳಿಸಿದಳು, ಮಗ್ಗದ ಕಂಬ ಅಲುಗಾಡುತ್ತಿದೆ, ಬಂದು ನೋಡು ಎಂದು. ಹೋದೆ. ಅಂಗಳದಲ್ಲಿ ಅವಳ ಸೊಸೆ ರೇಣುಕಾ ಹಾಸಿನ ನೂಲಿಗೆ ಗಂಜಿ ಹಚ್ಚುತ್ತಿದ್ದಳು. ಬೆಂದ ಗಂಜಿಯ ಆ ಹುಳಿ ಹುಳಿ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಸುತ್ತಿಗೆ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಶಾಹೀನ್ ಇದ್ದ ಹಿಂದಿನ ವರ್ಷದ ಮಳೆಗಾಲ ಪೂರ್ತಿ ಈ ವಾಸನೆಯೊಳಗೇ ಕಳೆದಿತ್ತು. ಅಳು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ನಗು. ಆ ನಗುವನ್ನು ಬರೆದಿಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಗಂಗವ್ವ ನಮ್ಮ ಎದುರು ಮನೆಯವಳು. ಅರವತ್ತು ದಾಟಿದೆ. ಹನ್ನೊಂದನೆಯ ವಯಸ್ಸಿಗೆ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಇಳಿದು ತುಳಿಯುವ ಮಗ್ಗದಲ್ಲಿ, ಕಾಲಿಟ್ಟವಳು. ಇಳಕಲ್ ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಅವಳಿಗೆ ನಾಲ್ಕು ನಮೂನೆ ಬರುತ್ತವೆ: ಗೋಮಿ, ಪರಾಸಪೇಟಿ, ಚಿಕ್ಕಿ ಪರಾಸ, ಗಾಡಿ. ಎಲ್ಲವೂ ಅವಳ ಅವ್ವನಿಂದ ಬಂದವು. ಯಾವುದೂ ಹಾಳೆಯ ಮೇಲಿಲ್ಲ. ಆ ವರ್ಷ ಜೂನಿನ ಮಿರಗದ ಮಳೆ ಬೀಳುವ ಮುಂಚೆ ಶಾಹೀನ್ ಅವಳನ್ನು ಬಾಗಲಕೋಟೆಗೆ ಕರೆದುಕೊಂಡು ಹೋದಾಗ ಡಾಕ್ಟರು ಮೊಣಕಾಲಿನ ಫೋಟೋ ಹಿಡಿದು, ತುಳಿಯುವ ಕೆಲಸ ದಸರೆಗೆ ಮುಗಿಯಿತು ಅಂತ ತಿಳಿಯಿರಿ ಎಂದರು. ವಾಪಸು ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಎಲ್ಲರೂ ಕರದಂಟು ಕೊಳ್ಳಲು ಇಳಿದರು. ಗಂಗವ್ವ ಇಳಿಯಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡು ಶಾಹೀನಳಿಗೆ ಒಂದೇ ಮಾತು ಹೇಳಿದಳಂತೆ.

"ಕುಂತ ಉಣ್ಣಾಕ ನನಗ ಬರಂಗಿಲ್ಲವಾ."

ಆ ಮಾತನ್ನು ಶಾಹೀನ್ ಮನೆಯವರೆಗೂ ಹೊತ್ತು ತಂದಳು.

ಮಗ್ಗದ ಮೇಲೆ ದಡಿಗೆಂದೇ ಒಂದು ಕಟ್ಟಿಗೆಯ ಸರಪಳಿ ಇರುತ್ತದೆ. ಸಾಲಾಗಿ ಪಟ್ಟಿಗಳು, ಪಟ್ಟಿಗಳಲ್ಲಿ ಗೂಟಗಳು. ಬಲಗಾಲಿನ ಹಲಗೆ ತುಳಿದಂತೆ ಒಂದೊಂದೇ ಪಟ್ಟಿ ಮುಂದೆ ಬರುತ್ತದೆ. ಆ ಪಟ್ಟಿಯಲ್ಲಿ ಎಲ್ಲಿ ಗೂಟವಿದೆಯೋ ಅಲ್ಲಿನ ನೂಲು ಮೇಲೇಳುತ್ತದೆ, ಅದರ ಕೆಳಗಿನಿಂದ ಅಡ್ಡ ಎಳೆ ಹೊತ್ತ ಲಾಳಿ ಓಡುತ್ತದೆ. ಇಂಥ ಸರಪಳಿ ಮಾಡುವುದೇ ನನ್ನ ಅನ್ನ. ತುಳಿಯುವ ಕೆಲಸ ಬೇಡ ಅಂದರೆ ನನ್ನ ಸರಪಳಿಯೂ ಬೇಡ. ಶಾಹೀನ್ ಅದನ್ನು ಯೋಚಿಸಿಯೇ, ತುಳಿಯದೆ ನೇಯುವ ಯಂತ್ರ ತರೋಣವೇ ಎಂದು ನನ್ನನ್ನು ಕೇಳಿದಳು. ಗುಳೇದಗುಡ್ಡದಲ್ಲಿ ಅವಳ ವಿದ್ಯಾರ್ಥಿನಿಯೊಬ್ಬಳ ಸೋದರಮಾವನ ಮನೆಯಲ್ಲಿ ಒಂದು ಕರೆಂಟಿನ ಪೆಟ್ಟಿಗೆ ಧೂಳು ತಿನ್ನುತ್ತಿತ್ತು. ಗುಂಡಿ ಒತ್ತಿದರೆ ಸಾಕು, ನೂಲನ್ನು ಅದೇ ಎತ್ತುತ್ತದೆ. ತಯಾರಿಸಿದ ಸಣ್ಣ ಕಂಪನಿ ಯಾವಾಗಲೋ ಮುಚ್ಚಿಹೋಗಿತ್ತು. ಬೇಕಾದವರು ಹೊತ್ತುಕೊಂಡು ಹೋಗಿ ಎಂದಿದ್ದರು. ಕೊಡುವವರು ಅಷ್ಟು ಖುಷಿಯಿಂದ ಕೊಡುತ್ತಿರುವುದು ಯಾಕೆ ಎಂದು ನಾವು ಆಗ ಯೋಚಿಸಲಿಲ್ಲ.

ಬಾದಾಮಿಯ ಮೇಲೆ ಹೋಗಿ ತಂದೆವು. ಬರುವಾಗ ಬಾದಾಮಿಯಲ್ಲಿ ಬಸ್ಸಿಗೆ ಎರಡು ತಾಸು ಇತ್ತು. ಹೊಂಡದ ದಂಡೆಯಲ್ಲಿ ಕುಳಿತುಕೊಳ್ಳೋಣ ಎಂದು ಶಾಹೀನ್ ಹಟ ಮಾಡಿದಳು. ಕೆಂಪು ಬಂಡೆಗಳ ಮೇಲೆ ಮೋಡದ ನೆರಳು ಓಡುತ್ತಿತ್ತು. ಅವಳು ಪೆಟ್ಟಿಗೆಯ ಜೊತೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ತೆರೆದು ಓದಲು ಶುರುಮಾಡಿದ್ದಷ್ಟೇ, ಒಂದು ಮಂಗ ಬಂದು ಕೈಪಿಡಿ, ಕರದಂಟಿನ ಪೊಟ್ಟಣ ಎರಡನ್ನೂ ಕಿತ್ತುಕೊಂಡಿತು. ಮೆಟ್ಟಿಲ ಮೇಲೆ ಕುಳಿತು ಕೈಪಿಡಿಯನ್ನು ಮೂಸಿ ನೋಡಿ ನಮ್ಮ ಕಡೆಗೇ ಎಸೆದು, ಕರದಂಟು ತೆಗೆದುಕೊಂಡು ಹೋಯಿತು. ಮುಂದೆ ಆ ಕೈಪಿಡಿ ನಮ್ಮನ್ನು ಎರಡು ತಿಂಗಳು ಸತಾಯಿಸಿದಾಗ ಗಂಗವ್ವ ಈ ಕತೆಯನ್ನು ಓಣಿಗೆಲ್ಲ ಹೇಳಿದಳು. "ಆ ಮಂಗ್ಯಾಗ ಒಂದ ಸರ್ತಿ ಮೂಸಿದ್ಕ ತಿಳೀತು, ಇವರಿಬ್ಬರಿಗೆ ಇನ್ನೂ ತಿಳದಿಲ್ಲ" ಎನ್ನುತ್ತಿದ್ದಳು.

ಪೆಟ್ಟಿಗೆಯನ್ನು ರೇಣುಕಾಳ ಮಗ್ಗಕ್ಕೆ ಕೂಡಿಸಿದೆ. ಆ ಮನೆಯಲ್ಲಿ ಎರಡು ಮಗ್ಗ, ಎದುರುಬದುರು. ಗಂಗವ್ವನ ಮಗ್ಗದಲ್ಲಿ ಹಳೆಯ ಸರಪಳಿಯೇ ಇತ್ತು. ಹೊಸದು ಸರಿಹೋದರೆ ಅವಳು ಇತ್ತ ಬಂದು ಕೂರಬೇಕು, ರೇಣುಕಾ ಅತ್ತ ಹೋಗಬೇಕು. ಸೀರೆಯ ಮೈಯ ಸಾದಾ ನೇಯ್ಗೆಯನ್ನು ಪೆಟ್ಟಿಗೆ ತಾನೇ ನೋಡಿಕೊಳ್ಳುತ್ತಿತ್ತು. ದಡಿಯನ್ನು ಮಾತ್ರ ನಾವು ಹೇಳಿಕೊಡಬೇಕು. ಹೇಳಿಕೊಡಲು ಅದಕ್ಕೊಂದು ಸಣ್ಣ ಭಾಷೆ ಇತ್ತು. ಶಾಹೀನ್ ನನಗೆ ಅರ್ಥ ಮಾಡಿಸಿದ್ದು ಹೀಗೆ: ಒಂದು ಓಣಿ ಇದೆ ಅಂದುಕೊಳ್ಳಿ. ಓಣಿಗೊಂದು ಹೆಸರು. ಸಾಲಾಗಿ ಮನೆಗಳು, ಮನೆಗೊಂದು ನಂಬರು. ಒಂದೊಂದು ಮನೆಯಲ್ಲಿ ಲಾಳಿಯ ಒಂದೊಂದು ಓಟಕ್ಕೆ ಯಾವ ನೂಲು ಏಳಬೇಕು ಎಂದು ಬರೆದಿಡುವುದು. ಪೆಟ್ಟಿಗೆ ಓಣಿಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಇಷ್ಟೇ. ಕೈಪಿಡಿಯ ಒಂಬತ್ತನೆಯ ಪುಟದಲ್ಲಿ, ಇಷ್ಟು ಮನೆ ಬೇಕು ಎಂದು ಹೇಳಿದರೆ ಸರಿಯಾಗಿ ಅಷ್ಟೇ ಮನೆ ಕಟ್ಟಲಾಗುತ್ತದೆ, ನಂಬರು ಒಂದರಿಂದ ಶುರು, ಇಲ್ಲದ ನಂಬರು ಕೇಳಿದರೆ ಪೆಟ್ಟಿಗೆ ತಪ್ಪು ಎಂದು ಹೇಳಿ ನಿಲ್ಲುತ್ತದೆ ಎಂದು ದಪ್ಪ ಅಕ್ಷರದಲ್ಲಿತ್ತು.

ಗೋಮಿ ದಡಿಯಿಂದ ಶುರು ಮಾಡಿದೆವು. ಗಂಗವ್ವ ಕಣ್ಣು ಮುಚ್ಚಿ ಹೇಳಿದಳು, ಶಾಹೀನ್ ಬರೆದಳು. ಒಂದು, ಎರಡು, ಮೂರು. ಇಪ್ಪತ್ತಮೂರಕ್ಕೆ ನಮೂನೆ ಮುಗಿಯಿತು. ನನ್ನ ಸರಪಳಿಯಲ್ಲೂ ಪಟ್ಟಿ ಇಪ್ಪತ್ತಮೂರೇ. ಲೆಕ್ಕ ಕೂಡಿತು. ಇಪ್ಪತ್ತಮೂರು ಮನೆಯ ಓಣಿ ಕಟ್ಟಿ, ಒಂದರಿಂದ ಇಪ್ಪತ್ತಮೂರರವರೆಗೆ ತುಂಬಿ, ರೇಣುಕಾ ಗುಂಡಿ ಒತ್ತಿದಳು. ನೂಲು ತಾನಾಗಿಯೇ ಏಳುವುದನ್ನು ನೋಡಿ ನಾವೆಲ್ಲ ಮದುವೆ ಮನೆಯವರಂತೆ ಸುತ್ತ ನಿಂತೆವು. ಒಂದು ಗೇಣು ನೇಯ್ದ ಮೇಲೆ ಗಂಗವ್ವ ಬಟ್ಟೆಯನ್ನು ಮಗುಚಿ ನೋಡಿದಳು. ಪ್ರತಿ ನಮೂನೆಗೊಂದರಂತೆ ದಡಿಯ ಕೆಳಗೆ ಒಂದು ಎಳೆ ಯಾವ ನೂಲನ್ನೂ ಹಿಡಿಯದೆ ಸಡಿಲವಾಗಿ ಜೋತಾಡುತ್ತಿತ್ತು.

"ಇದೇನ ಶಾಹೀನಾ, ನಿನ್ನ ಪೆಟಗಿ ರೋಜಾ ಹಿಡದೈತೇನ? ಒಂದ ಎಳಿ ಉಪಾಸ ಬಿಟ್ಟೈತಿ."

"ರೋಜಾ ಹಿಡದ್ರ ಸಂಜಿಗರ ಉಣ್ತಿತ್ತ್ರಿ ಯವ್ವಾ. ಇದು ಉಣ್ಣೂದ ಇಲ್ಲ" ಎಂದಳು ಶಾಹೀನ್.

ಆಷಾಢದ ಗಾಳಿ ಎದ್ದಿತು. ಮಳೆ ಬಂದಷ್ಟು ಹೊತ್ತು ಬಂದು, ಕಲ್ಲಿನ ಕ್ವಾರಿಗಳ ಕೆಂಪು ಧೂಳನ್ನು ಗೋಡೆಗಳ ಮೇಲಿಂದ ಇಳಿಸಿ ಹೋಗುತ್ತಿತ್ತು. ನೂಲು ತಂಪು ಹಿಡಿದು ಬಿಗಿಯುತ್ತಿತ್ತು. ಶಾಹೀನ್ ಕೇಂದ್ರದಿಂದ ನಾಲ್ಕೂವರೆಗೆ ಬಂದು, ಬುರ್ಖಾ ಗೂಟಕ್ಕೆ ಹಾಕಿ, ಚಹಾ ಕುಡಿದು ನೇರ ಗಂಗವ್ವನ ಮನೆಗೆ ಹೋಗುವಳು. ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ಸಿಟ್ಟು ಬಂದರೆ ಅವಳ ಬಾಯಲ್ಲಿ ಬರುತ್ತಿದ್ದುದು ಹುನಗುಂದದ ಕನ್ನಡ. ಆ ಪೆಟ್ಟಿಗೆಗೆ ಅವಳು ಬೈದದ್ದೆಲ್ಲ ಕನ್ನಡದಲ್ಲೇ.

ಒಂದು ಸಂಜೆ ಅವಳಿಗೆ ಅದೇನು ಹೊಳೆಯಿತೋ, ಸೊನ್ನೆ ನಂಬರಿನ ಮನೆಯಲ್ಲಿ ಏನಿದೆ ಎಂದು ಪೆಟ್ಟಿಗೆಯನ್ನೇ ಕೇಳಿದಳು. ಕೈಪಿಡಿಯ ಪ್ರಕಾರ ಅಂಥ ಮನೆಯೇ ಇಲ್ಲ. ಪೆಟ್ಟಿಗೆ ತಪ್ಪು ಎಂದು ಹೇಳಿ ನಿಲ್ಲಬೇಕು. ನಿಲ್ಲಲಿಲ್ಲ. ಖಾಲಿ ಇದೆ ಎಂದು ಸಭ್ಯವಾಗಿ ಉತ್ತರ ಕೊಟ್ಟಿತು. ಶಾಹೀನ್ ಕುಣಿಯ ಪಕ್ಕದಲ್ಲೇ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಪ್ಪತ್ತಮೂರು ಮನೆ ಕೇಳಿದರೆ ಅದು ಸದ್ದಿಲ್ಲದೆ ಇಪ್ಪತ್ತನಾಲ್ಕು ಕಟ್ಟಿತ್ತು. ನಾವು ಒಂದನೆಯ ಮನೆಯಿಂದ ತುಂಬಿದ್ದೆವು. ಅದು ಓಡುವಾಗ ಸೊನ್ನೆಯಿಂದ ಓಡುತ್ತಿತ್ತು. ಆ ಖಾಲಿ ಮನೆಯ ಮುಂದೆ ಬಂದಾಗ ದಡಿಯ ಯಾವ ನೂಲೂ ಏಳುತ್ತಿರಲಿಲ್ಲ, ಎಳೆ ಕೆಳಗೆ ಜೋತು ಬೀಳುತ್ತಿತ್ತು.

ಹಾಗಾದರೆ ಎಲ್ಲರನ್ನೂ ಒಂದೊಂದು ಮನೆ ಹಿಂದೆ ಸರಿಸಿದರಾಯಿತು ಎಂದು ಸರಿಸಿದಳು. ಮುಂದಿನ ಸಲ ಜೋತಾಡುವ ಎಳೆ ನಮೂನೆಯ ಮೊದಲಿಂದ ಹೋಗಿ ಕೊನೆಗೆ ಬಂತು. ಈಗ ಕೊನೆಯ ಮನೆ ಖಾಲಿ. ಸೈ, ಹಾಗಾದರೆ ಇಪ್ಪತ್ತೆರಡೇ ಮನೆ ಕೇಳೋಣ, ಅದು ಹೇಗೂ ಒಂದು ಹೆಚ್ಚು ಕಟ್ಟುತ್ತದೆ, ಇಪ್ಪತ್ತಮೂರು ಆಗುತ್ತದೆ ಎಂದಳು. ಹಾಗೇ ಆಯಿತು. ಎಳೆ ಜೋತಾಡಲಿಲ್ಲ. ಬಟ್ಟೆ ಹಿಂದೆಯೂ ಮುಂದೆಯೂ ಸ್ವಚ್ಛ. ರೇಣುಕಾ ಭಜಿ ಕರಿದಳು. ಕೈಪಿಡಿ ಬರೆದವನಿಗೂ ಎರಡು ಎತ್ತಿಡಬೇಕು, ಪಾಪ, ಅವನೂ ಹಸಿದಿರುತ್ತಾನೆ ಎಂದು ಶಾಹೀನ್ ಎರಡು ಭಜಿಯನ್ನು ಒಂಬತ್ತನೆಯ ಪುಟದ ಮೇಲೆ ಇಟ್ಟಳು.

ಗಂಗವ್ವ ಭಜಿ ಮುಟ್ಟಲಿಲ್ಲ. ಹೊಸ ದಡಿಯ ಮೇಲೆ ಹೆಬ್ಬೆರಳು ಆಡಿಸುತ್ತ ಕುಳಿತಿದ್ದಳು. ಎರಡು ಸಲ ಆಡಿಸಿದಳು.

"ಇದು ನನ್ನ ದಡಿ ಅಲ್ಲ" ಎಂದಳು.

ಯಾಕೆ ಎಂದರೆ ಹೇಳಲು ಬರಲಿಲ್ಲ. ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಹಿಡಿದು ನೋಡಿದೆವು. ಹಳೆಯ ದಡಿಯಲ್ಲಿ ಒಂದು ನಮೂನೆಗೂ ಇನ್ನೊಂದಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಇತ್ತು. ಹೊಸದರಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು, ಜಾತ್ರೆಯ ಬಸ್ಸಿನಲ್ಲಿ ನಿಂತವರ ಹಾಗೆ ಭುಜಕ್ಕೆ ಭುಜ ತಾಗಿಸಿದ್ದವು. ಪೇಟೆಯಲ್ಲಿ ಕೊಳ್ಳುವವರು ಯಾರೂ ಗಮನಿಸುವುದಿಲ್ಲ ಎಂದೆ ನಾನು. ಗಂಗವ್ವ ನನ್ನನ್ನು ನೋಡಿದ ರೀತಿಗೆ ಆ ಮಾತನ್ನು ಮತ್ತೆ ಆಡಲಿಲ್ಲ. ಇಂಥದ್ದನ್ನು ನೇಯಲು ತಾನು ಮಗ್ಗದಲ್ಲಿ ಕೂರುವುದಿಲ್ಲ ಎಂದಳು. ದಸರೆಯವರೆಗೆ ತುಳಿದು, ಆಮೇಲೆ ಕಟ್ಟೆಯ ಮೇಲೆ ಕುಳಿತು ಹೋಗುವವರನ್ನು ಬರುವವರನ್ನು ನೋಡುತ್ತೇನೆ ಎಂದಳು. ಕಟ್ಟೆಯ ಮೇಲೆ ಕುಳಿತ ಗಂಗವ್ವನನ್ನು ನಾವು ಯಾರೂ ಅದುವರೆಗೆ ಕಂಡಿರಲಿಲ್ಲ.

ಶ್ರಾವಣ ಬಂತು. ಶಾಹೀನ್ ಗಂಗವ್ವನಿಂದ ಮತ್ತೆ ಹೇಳಿಸಿ ಬರೆದಳು. ಮತ್ತೆ ಇಪ್ಪತ್ತಮೂರು, ಅಕ್ಷರ ವ್ಯತ್ಯಾಸವಿಲ್ಲ. ಪೆಟ್ಟಿಗೆಯಲ್ಲಿದ್ದುದನ್ನು ಒಂದೊಂದಾಗಿ ತೆಗೆಸಿ ನೋಡಿದಳು. ಅದೂ ಸರಿ. ಯಂತ್ರ ಸರಿ, ಮಾತು ಸರಿ, ದಡಿ ಮಾತ್ರ ತಪ್ಪು. ಇಂಥ ತಪ್ಪು ತಾನು ಎಲ್ಲೂ ಕಲಿತಿಲ್ಲ ಎಂದಳು. ಗಂಗವ್ವನ ಮೊಣಕಾಲು ಬಾತು, ಎರಡು ತಾಸು ತುಳಿದರೆ ಒಂದು ತಾಸು ಎಕ್ಕೆ ಎಲೆ ಕಟ್ಟಿಕೊಂಡು ಮಲಗುವಂತಾಗಿತ್ತು.

ಆ ಗಂಟು ಬಿಚ್ಚಿದ್ದು ಒಂದು ಮಳೆಯ ಮಧ್ಯಾಹ್ನ. ನಾನು ಗಂಗವ್ವನ ಮಗ್ಗದ ಕೆಳಗೆ ಮಲಗಿ ಹಲಗೆಯ ಕೀಲು ಬಿಗಿ ಮಾಡುತ್ತಿದ್ದೆ. ಅವಳು ನೇಯುತ್ತಲೇ ಇದ್ದಳು, ನಿಲ್ಲಿಸು ಅಂದರೆ ಕೇಳುವವಳಲ್ಲ. ತಲೆಯ ಮೇಲೆ ಲಾಳಿ ಖಟ್ ಖಟ್ ಎನ್ನುತ್ತಿತ್ತು. ಉಳಿಯ ಹೊಡೆತ ಎಣಿಸುವುದು ನಮ್ಮ ಕಸುಬಿನ ಚಟ. ಬೇರೇನೂ ಕೆಲಸವಿಲ್ಲದ ತಲೆ ಆ ಸದ್ದನ್ನು ಎಣಿಸತೊಡಗಿತು. ಒಂದು ನಮೂನೆಗೆ ಇಪ್ಪತ್ತನಾಲ್ಕು ಬಂತು. ತಪ್ಪಿರಬೇಕು ಎಂದು ಇನ್ನೊಮ್ಮೆ ಎಣಿಸಿದೆ. ಇಪ್ಪತ್ತನಾಲ್ಕು. ಕೀಲು ಬಿಟ್ಟು ಅವಳ ಪಾದಗಳನ್ನೇ ನೋಡುತ್ತ ಮಲಗಿದೆ. ಇಪ್ಪತ್ತಮೂರು ಸಲ ಬಲಗಾಲು ಸರಪಳಿಯ ಹಲಗೆಯನ್ನು ತುಳಿಯಿತು. ಆಮೇಲೆ ಆ ಕಾಲು ಸುಮ್ಮನೆ ನಿಂತಿತು. ಎಡಗಾಲು ಮಾತ್ರ ಸಾದಾ ನೇಯ್ಗೆಯ ಹಲಗೆಯನ್ನು ಮೆಲ್ಲಗೆ ಒತ್ತಿತು. ಲಾಳಿ ಓಡಿತು. ಮತ್ತೆ ಬಲಗಾಲು.

ಅಲ್ಲಿಂದಲೇ ಹೇಳಿದೆ, ಯವ್ವಾ, ನೀನು ಹೊಡೆಯುವುದು ಇಪ್ಪತ್ತನಾಲ್ಕು ಎಂದು. ಬಡಿಗ ಕಟ್ಟಿಗೆ ಎಣಿಸಬೇಕು, ಎಳೆ ಎಣಿಸಬಾರದು ಎಂದಳು. ಶಾಹೀನಳನ್ನು ಕೇಂದ್ರದಿಂದ ಕರೆಸಿದೆವು. ಅವಳು ಕುಣಿಯ ಅಂಚಿನಲ್ಲಿ ಕುಳಿತು, ಬಾಯಿಬಿಟ್ಟು ಎಣಿಸುತ್ತ ನೇಯಲು ಹೇಳಿದಳು. ಗಂಗವ್ವ ಸವಾಲು ತೆಗೆದುಕೊಂಡವಳಂತೆ ಗಟ್ಟಿ ದನಿಯಲ್ಲಿ ಎಣಿಸಿದಳು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಒಂದು ಉಸಿರು ತೆಗೆದುಕೊಂಡಳು. ಆ ಉಸಿರಿನೊಳಗೆ ಲಾಳಿ ಒಮ್ಮೆ ಅತ್ತಿಂದಿತ್ತ ಹೋಯಿತು. ಒಂದು, ಎರಡು.

"ಯವ್ವಾ, ನಿಂದರ್ರಿ. ಈಗ ಉಸರ ತಗೊಂಡ್ರೆಲಾ, ಆವಾಗ ಒಂದ ಎಳಿ ಹೊಡದ್ರಿ" ಎಂದಳು ಶಾಹೀನ್.

"ಹೊಡದೆ. ಅದೇನೀಗ?"

"ಅದನ್ನ ನನಗ ಹೇಳಿಲ್ಲಲ್ರಿ ನೀವು."

"ಅದನ್ನ ಯಾರರ ಎಣಸ್ತಾರೇನ? ಅದು ಬಿಡು ಎಳಿ. ನಮ್ಮವ್ವನೂ ಎಣಸತಿದ್ದಿಲ್ಲ."

ಐವತ್ತು ವರ್ಷ ದಿನವೂ ಹೊಡೆದ ಎಳೆ. ಅದು ಲೆಕ್ಕದಲ್ಲಿಲ್ಲ ಎಂಬುದು ಅವಳಿಗೆ ಅಂದೇ ಗೊತ್ತಾದದ್ದು. ಅವಳೂ ನಗತೊಡಗಿದಳು. ಲಾಳಿ ಕೈಯಿಂದ ಜಾರಿ ನನ್ನ ಎದೆಯ ಮೇಲೆ ಬಿತ್ತು. ಕೈಪಿಡಿ ಬರೆದವನಿಗೆ ತನ್ನ ಪೆಟ್ಟಿಗೆ ಏನು ಮಾಡುತ್ತದೆ ಎಂದು ಗೊತ್ತಿರಲಿಲ್ಲ, ಗಂಗವ್ವನಿಗೆ ತನ್ನ ಎಡಗಾಲು ಏನು ಮಾಡುತ್ತದೆ ಎಂದು ಗೊತ್ತಿರಲಿಲ್ಲ. ಸರಪಳಿ ಮಾಡಿಕೊಟ್ಟ ನನಗಂತೂ ಎರಡೂ ಗೊತ್ತಿರಲಿಲ್ಲ.

ಶಾಹೀನ್ ಓಣಿಯನ್ನು ಮತ್ತೆ ಮೊದಲಿನ ಹಾಗೆ ಕಟ್ಟಿದಳು. ಇಪ್ಪತ್ತಮೂರು ಮನೆ ಕೇಳಿದಳು, ಪೆಟ್ಟಿಗೆ ತನ್ನ ಚಾಳಿಯಂತೆ ಇಪ್ಪತ್ತನಾಲ್ಕು ಕಟ್ಟಿತು. ಒಂದರಿಂದ ಇಪ್ಪತ್ತಮೂರರವರೆಗೆ ಗಂಗವ್ವ ಹೇಳಿದ್ದನ್ನೇ, ಅವಳು ಹೇಳಿದ ನಂಬರಿನಲ್ಲೇ ತುಂಬಿದಳು. ಸೊನ್ನೆಯ ಮನೆಯಲ್ಲಿ, ಒಂದು ಬಿಟ್ಟು ಒಂದು ನೂಲು ಏಳುವಂತೆ, ಸಾದಾ ನೇಯ್ಗೆಯ ಬಿಡು ಎಳೆಯನ್ನು ಇಟ್ಟಳು. ಮೊದಲ ದಿನ ನಾವು ಮಾಡಿದ್ದಕ್ಕೂ ಇದಕ್ಕೂ ಆ ಒಂದು ಮನೆಯಷ್ಟೇ ವ್ಯತ್ಯಾಸ. ರೇಣುಕಾ ಮಗ್ಗದಿಂದ ಎದ್ದು ಜಾಗ ಬಿಟ್ಟಳು. ಗಂಗವ್ವ ನನ್ನ ಹೆಗಲು ಹಿಡಿದು ಇಳಿದು ಕುಳಿತಳು. ಕಾಲುಗಳನ್ನು ಕುಣಿಯಲ್ಲಿ ಚಾಚಿ ಸುಮ್ಮನೆ ಬಿಟ್ಟು ಗುಂಡಿ ಒತ್ತಿದಳು. ಗೇಣು ನೇಯ್ದಳು. ಹೆಬ್ಬೆರಳು ಆಡಿಸಿದಳು. ಇನ್ನೊಂದು ಗೇಣು ನೇಯ್ದಳು. ಆಮೇಲೆ ಎಡಗಾಲು ಇನ್ನೂ ಒತ್ತುತ್ತಲೇ ಇದೆ, ಅದಕ್ಕೆ ಯಾರಾದರೂ ಹೇಳಿ ಎಂದಳು. ಕೆಳಗೆ ನೋಡಿದರೆ ಖರೆ, ಬರಿಯ ನೆಲವನ್ನು ಇಪ್ಪತ್ತನಾಲ್ಕಕ್ಕೊಮ್ಮೆ ಒತ್ತುತ್ತಿತ್ತು.

ಅಂದು ಶಾಹೀನ್ ಒಂಬತ್ತನೆಯ ಪುಟದ ಅಂಚಿನಲ್ಲಿ, ಭಜಿಯ ಎಣ್ಣೆ ಹೀರಿದ ಕಾಗದದ ಮೇಲೆ, ತನ್ನ ಕೆಂಪು ಪೆನ್ನಿನಿಂದ ಕನ್ನಡದಲ್ಲಿ ಬರೆದಳು: "ಸೊನ್ನೆ ಮನೆ ಇದೆ. ಅದು ಗಂಗವ್ವನದು." ಅಲ್ಲಿಂದ ಮುಂದೆ ಕೈಪಿಡಿಯ ಒಂದೊಂದು ಪುಟವನ್ನೂ ಅವಳು ನಂಬದೆ ಓದಿದಳು. ಪೆಟ್ಟಿಗೆಯನ್ನೇ ಕೇಳಿ ನೋಡುವುದು, ಅದು ಮಾಡಿದ್ದನ್ನು ಅಂಚಿನಲ್ಲಿ ಬರೆಯುವುದು. ಪರೀಕ್ಷೆಯ ಹಾಳೆ ತಿದ್ದಿದ ಹಾಗೆಯೇ. ಕೆಲವು ಕಡೆ ಸರಿ ಗುರುತು, ಕೆಲವು ಕಡೆ ಗೀಟು. ಒಟ್ಟಿನಲ್ಲಿ ಕೈಪಿಡಿಗೆ ನೂರಕ್ಕೆ ಮೂವತ್ತೈದು ಕೊಟ್ಟಳು. ಪಾಸು, ಆದರೆ ಕೃಪಾಂಕದ ಮೇಲೆ ಎಂದಳು. ದಸರೆಯ ಹೊತ್ತಿಗೆ ಪರಾಸಪೇಟಿ, ಚಿಕ್ಕಿ ಪರಾಸ ಎರಡೂ ಪೆಟ್ಟಿಗೆ ಸೇರಿದವು. ಅವುಗಳಲ್ಲೂ ಒಂದೊಂದು ಬಿಡು ಎಳೆ ಇತ್ತು. ಅದನ್ನು ಹಿಡಿಯಲು ನನ್ನನ್ನು ಪ್ರತಿಸಲವೂ ಮಗ್ಗದ ಕೆಳಗೆ ಮಲಗಿಸುತ್ತಿದ್ದರು. ಆ ಮಳೆಗಾಲ ನಾನು ಹಾಸಿಗೆಗಿಂತ ಹೆಚ್ಚು ಆ ನೆಲದ ಮೇಲೆ ಮಲಗಿದ್ದೆ. ಮೇಲೆ ಇಬ್ಬರು ಹೆಂಗಸರು ಎಣಿಸುತ್ತ ಜಗಳಾಡುತ್ತಿದ್ದರು. ಅಷ್ಟು ಸುಖವಾಗಿ ನಾನು ಎಂದೂ ಮಲಗಿಲ್ಲ.

ಗಂಗವ್ವ ಕಟ್ಟೆಯ ಮೇಲೆ ಕೂರಲಿಲ್ಲ. ಈಗಲೂ ಬೆಳಿಗ್ಗೆ ಮಗ್ಗಕ್ಕೆ ಇಳಿಯುತ್ತಾಳೆ. ಆ ಐದನೆಯ ತಿಂಗಳು ಹೋದಾಗ, ಕಂಬ ಬಿಗಿ ಮಾಡಿ ಎದ್ದ ನನಗೆ ಅವಳೇ ಚಹಾ ಕೊಟ್ಟು, ಪೆಟ್ಟಿಗೆಯ ಮೇಲಿದ್ದ ಕೈಪಿಡಿಯನ್ನು ತೆಗೆದು ಕೈಗಿತ್ತಳು. "ಗಾಡಿ ಒಂದ ಉಳದೈತಿ ಮೌಲಾ. ನಾ ಹೇಳ್ತೀನಿ, ನೀ ಬರಿ" ಎಂದಳು.

ಶಾಹೀನಳ ಅಂಚಿನ ಬರಹಗಳನ್ನು ಹಿಡಿದು ನಾನು ಆ ಭಾಷೆ ಕಲಿಯತೊಡಗಿದೆ. ರೇಣುಕಾ ಜೊತೆಗಿದ್ದಳು. ಓಣಿ ಕಟ್ಟಲು ಬಂತು, ಮನೆ ತುಂಬಲು ಬಂತು. ಮೊದಲ ಸಲ ನೂಲು ನನ್ನ ಮಾತು ಕೇಳಿ ಎದ್ದಾಗ ಗಂಗವ್ವ ಬೆನ್ನಿಗೊಂದು ಗುದ್ದು ಕೊಟ್ಟಳು. ಆದರೆ ಗಾಡಿ ದಡಿ ಉದ್ದದ್ದು, ತೊಂಬತ್ತರ ಹತ್ತಿರ ಬರುತ್ತದೆ. ಈ ಪೆಟ್ಟಿಗೆಯ ಒಂದು ಓಣಿಯಲ್ಲಿ ಅಷ್ಟು ಮನೆ ಹಿಡಿಯುವುದಿಲ್ಲ. ಮೊದಲ ಓಣಿ ತುಂಬಿದ ಮೇಲೆ ಎರಡನೆಯದನ್ನು ಶುರು ಮಾಡಿ, ಪೆಟ್ಟಿಗೆ ತಾನೇ ಅತ್ತಣಿಂದ ಇತ್ತ ದಾಟುತ್ತದೆ ಎಂದು ಮೂವತ್ತೊಂದನೆಯ ಪುಟ ಹೇಳುತ್ತದೆ. ದಾಟುವುದಿಲ್ಲ. ಐದು ರೀತಿ ಮಾಡಿ ನೋಡಿದೆವು. ಶಾಹೀನಳ ಕೇಂದ್ರದ ಹುಡುಗಿಯರೂ ಬಂದು ನೋಡಿದರು.

ಅವಳಿಗೆ ಅದು ಗೊತ್ತಿತ್ತು. ಮೂವತ್ತೊಂದನೆಯ ಪುಟದ ಆ ಸಾಲಿನ ಮೇಲೆ ಕೆಂಪು ಗೀಟು ಇದೆ. ಪಕ್ಕದ ಅಂಚಿನಲ್ಲಿ "ಹೀಗಲ್ಲ, ನಾನು ಮಾಡಿ ನೋಡಿದೆ" ಎಂದು ಅವಳ ಅಕ್ಷರದಲ್ಲಿದೆ. ಹಾಗಾದರೆ ಹೇಗೆ ಎಂಬುದನ್ನು ಬರೆದಿಲ್ಲ.